ಬಿದ್ದರೆ ಏಳುವ ಕ್ಲಾಸ್

ಕಳೆದ ವರ್ಷದ ಡಿಸೆಂಬರ್. ದುಬೈಯ ಅಲ್ ನಹ್ದಾದಲ್ಲಿ ಸೆಕೆ ಬಿಟ್ಟಿತ್ತು. ಮೊಮ್ಮಕ್ಕಳು ಸ್ಕೂಲಿಗೆ ಹೊರಟ ಮೇಲೆ ನಾವು ಐದಾರು ಅಜ್ಜಿಯಂದಿರು ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ, ಫ್ಲಾಸ್ಕಿನ ಚಹಾ ಕುಡಿಯುತ್ತ ಲೋಕದ ಪಂಚಾಯ್ತಿ ಮಾಡುತ್ತಿದ್ದೆವು.

ಒಂದು ದಿನ ಪಕ್ಕದ ಫ್ಲಾಟಿನ ಪ್ರತಿಮಾಳನ್ನೂ ಕರೆದುಕೊಂಡು ಹೋದೆ. ಕಾಪು ಕಡೆಯ ಹುಡುಗಿ, ನರ್ಸ್. ಕ್ಲಿನಿಕ್ ಮುಚ್ಚಿ ಅವಳ ಕೆಲಸ ಹೋಗಿತ್ತು. ಕೆಲಸ ಕಳೆದುಕೊಂಡವರಿಗೆ ಇಲ್ಲಿ ಕೆಲವು ತಿಂಗಳು ಇನ್ಶೂರೆನ್ಸ್ ಹಣ ಬರುತ್ತದೆ. ಅದು ನಿಲ್ಲುವುದರೊಳಗೆ ಬೇರೆ ಕೆಲಸ ಸಿಗದಿದ್ದರೆ ಅವಳು ಗಂಟುಮೂಟೆ ಕಟ್ಟಬೇಕಿತ್ತು.

ನಾನೋ ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ಸುಮ್ಮನೆ ಕೂತವರನ್ನು ಕಂಡರೆ ನನಗೆ ತಡೆಯದು.

"ನೋಡು ಮಗಾ, ಫ್ರೀ ಹಣ ಒಳ್ಳೆಯದಲ್ಲ. ಅದು ತಗೊಳ್ಳುವ ನರ್ಸ್‌ಗಳೆಲ್ಲ ಸೋಷಿಯಲ್ ಸರ್ವಿಸ್ ಮಾಡ್ಬೇಕು ಅಂತ ರೂಲ್ ತರ್ಬೇಕು" ಎಂದುಬಿಟ್ಟೆ.

ಪ್ರತಿಮಾಳ ಮುಖ ಕೆಂಪಾಯಿತು. "ಫ್ರೀ ಅಲ್ಲ ಆಂಟಿ. ಕೆಲಸ ಇದ್ದಾಗ ಪ್ರೀಮಿಯಂ ಕಟ್ಟಿದ್ದೇನೆ."

ಬಂಟ್ವಾಳದ ಬ್ಯಾರಿ ಗೆಳತಿ ಜುಲೇಖಾ ಬಿಡುವವಳಲ್ಲ. ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನು ಅವಳು ಕರೆಯುವುದು ಬಾಯಮ್ಮ ಎಂದೇ. "ಎಂತ ಬಾಯಮ್ಮ, ನಿಮ್ಮ ಮಗ ಕಾರು ಗುದ್ದಿ ಇನ್ಶೂರೆನ್ಸ್ ತಗೊಂಡನಲ್ಲ, ಅದಕ್ಕೆ ರಸ್ತೆ ಗುಡಿಸಿದ್ನಾ?"

ಎಲ್ಲರೂ ಗೊಳ್ಳೆಂದರು. ಜುಲೇಖಾ ನಗುತ್ತಲೇ ಏಳಲು ಹೋಗಿ ಚಾಪೆಯ ಮೇಲೆ ಮಗುಚಿಕೊಂಡಳು. ನಾನೂ ಇನ್ನೊಬ್ಬ ಅಜ್ಜಿಯೂ ಅವಳ ಕೈ ಹಿಡಿದು ಎಳೆಯತೊಡಗಿದೆವು.

"ಎಳೀಬೇಡಿ, ಭುಜ ತಪ್ಪುತ್ತದೆ!" ಪ್ರತಿಮಾ ನಡುವೆ ನುಗ್ಗಿದಳು. ಜುಲೇಖಾಳನ್ನು ಪಕ್ಕಕ್ಕೆ ಹೊರಳಿಸಿ, ಮಗುವಿನಂತೆ ಅಂಬೆಗಾಲಿಗೆ ತಂದು, ಬೆಂಚು ಹಿಡಿಸಿ, ಒಂದು ಕಾಲು ಮುಂದಿಡಿಸಿ ನಿಲ್ಲಿಸಿದಳು. "ಮನೆಯಲ್ಲಿ ಒಬ್ಬರೇ ಇರುವಾಗ ಬಿದ್ರೆ ಎಂತ ಮಾಡ್ತೀರಿ?" ಎಂದು ಕೇಳಿದಳು.

ಮರುದಿನ ಅವಳು ತಾನಾಗಿಯೇ ಬಂದಳು. ನಾವೆಲ್ಲ ಊರಿನಿಂದ ತಂದ ಮಾತ್ರೆ ಡಬ್ಬಿ ಹಿಡಿದು ಕ್ಯೂ ನಿಂತಿದ್ದೆವು! "ಖಲಾಸ್, ಸಾಕು, ಒಳಗಿಡಿ. ಮದ್ದು ಡಾಕ್ಟರ ಹತ್ರ ಕೇಳಿ. ನಾನು ಏಳ್ಲಿಕ್ಕೆ ಮಾತ್ರ ಕಲಿಸುವುದು" ಎಂದಳು. ಆಮೇಲೆ ದಿನವೂ ಕ್ಲಾಸ್. ಸೀರೆ, ಬುರ್ಖಾ, ನೈಟಿಯ ಮೇಲೆ ಸ್ವೆಟರ್, ಎಲ್ಲವೂ ಹುಲ್ಲಿನ ಮೇಲೆ ಉರುಳುತ್ತಿದ್ದವು. ಅದನ್ನು ನೋಡಿ ಪ್ರತಿಮಾ ಹೊಟ್ಟೆ ಹಿಡಿದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಕ್ಲಾಸಿನ ನಡುವೆಯೇ ಅವಳ ಫೋನ್ ಹೊಡೆದುಕೊಂಡಿತು. ವೃದ್ಧರನ್ನು ನೋಡಿಕೊಳ್ಳುವ ಒಂದು ಕಂಪನಿಯ ವೀಡಿಯೊ ಇಂಟರ್‌ವ್ಯೂ, ಹೇಳಿದ್ದಕ್ಕಿಂತ ಮೊದಲೇ ಬಂದಿತ್ತು. ಅವಳು ಫೋನ್ ಹಿಡಿದು ಹಿಂದೆಮುಂದೆ ನೋಡಿದಳು. "ತಗೋ ಮಾರಾಯ್ತಿ, ಯಲ್ಲಾ, ಬೇಗ ಬೇಗ!" ಎಂದು ಜುಲೇಖಾ ದೂಡಿದಳು. ಕೆಲಸವಿಲ್ಲದ ದಿನಗಳಲ್ಲಿ ಏನು ಮಾಡುತ್ತಿದ್ದೀರಿ ಎಂದು ಆ ಕಡೆಯ ಮೇಡಂ ಕೇಳಿದರು. ಪ್ರತಿಮಾ ಫೋನನ್ನು ನಮ್ಮತ್ತ ತಿರುಗಿಸಿದಳು.

ಆಗ ನಾನು ಎಲ್ಲರ ಮುಂದೆ ಅಂಬೆಗಾಲಿನಲ್ಲಿದ್ದೆ. ಕ್ಯಾಮೆರಾ ನನ್ನ ಹಿಂದೆ! ಗೊತ್ತಿಲ್ಲದೆ ಶಾಲೆಯ ಡ್ರಿಲ್ ಲೀಡರಿನ ದನಿಯಲ್ಲಿ "ಲೇಡೀಸ್, ರೈಟ್ ಲೆಗ್ ಫಾರ್ವರ್ಡ್!" ಎಂದು ಕೂಗಿದೆ. ಎಲ್ಲರೂ ಒಟ್ಟಿಗೆ ಎದ್ದು ನಿಂತೆವು. ಫೋನಿನೊಳಗಿನಿಂದ ನಗೆಯೂ ಚಪ್ಪಾಳೆಯೂ ಕೇಳಿಸಿದವು.

ಅದೇ ವಾರ ಅವಳಿಗೆ ಕೆಲಸ ಸಿಕ್ಕಿತು. ಅಂದು ನಾವು ಕುಣಿಯುವುದೊಂದು ಬಾಕಿ.

ಈಗ ಕ್ಲಾಸ್ ನಡೆಸುವವಳು ನಾನು. ನನ್ನ ಆ ರೂಲಿನ ಸುದ್ದಿಯನ್ನು ಮತ್ತೆ ಎತ್ತಿಲ್ಲ. ರೂಲ್ ಇದ್ದಿದ್ದರೆ ಅವಳು ಬರುತ್ತಿದ್ದಳು ನಿಜ, ಆದರೆ ಹಾಗೆ ನಗುತ್ತಿದ್ದಳೇ? ರಜೆಯ ದಿನ ಪ್ರತಿಮಾ ಬಂದು ಸಹಾಯಕ್ಕೆ ಕೈ ಚಾಚಿದರೆ, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟು ಹೇಳುತ್ತೇನೆ: "ಇವತ್ತು ನೀನು ಸುಮ್ಮನೆ ಕೂತ್ಕೋ ಮಗಾ."