ಇನ್ನೂ ನೀರು ಐತೆ

ನಮ್ಮ ಚಿಕ್ಕಮ್ಮನ ಬಲಗಿವಿಯಲ್ಲಿ ಓಲೆ ಇರುತ್ತಿತ್ತು, ಎಡಗಿವಿ ಬೋಳು. ಅಟ್ಟದಿಂದ ಇಳಿಸಿದ ಒಣಗಾಯಿಯನ್ನು ಎಡಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಓಲೆ ತಗುಲಿ ಸದ್ದು ಕೆಡುತ್ತದೆ ಎಂದು ಅದನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದಳು. ಕಣ್ಣು ಮುಚ್ಚಿ ಆಲಿಸುವಳು. ಒಳಗೆ ಕೊಬ್ಬರಿ ಗಡಗಡ ಎಂದರೆ ಒಡೆಯುವ ರಾಶಿಗೆ. ಗುಳುಕ್ ಎಂದರೆ "ಇನ್ನೂ ನೀರು ಐತೆ" ಎಂದು ಮತ್ತೆ ಅಟ್ಟಕ್ಕೆ. ನೀರು ಬತ್ತುವ ಮುಂಚೆ ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರುಚೂರಾಗಿ ಬರುತ್ತದೆ, ಯಾರಿಗೂ ಬೇಡವಾಗುತ್ತದೆ.

ಮನುಷ್ಯರ ವಿಷಯಕ್ಕೂ ಅವಳದು ಇದೇ ಮಾತು. ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಬಂದ ಹುಡುಗಿಯನ್ನು ಮರುದಿನವೇ ಗಂಡನ ಮನೆಗೆ ಅಟ್ಟಲು ಹೊರಟವರಿಗೆ, ತಡೀರಿ, ಇನ್ನೂ ನೀರು ಐತೆ ಎನ್ನುವಳು. ಊರಿನಲ್ಲಿ ಎಲ್ಲರಿಗೂ ಅದು ಅರ್ಥವಾಗುತ್ತಿತ್ತು.

ಅವಳ ಗಂಡನನ್ನು, ಅಂದರೆ ನಮ್ಮ ಚಿಕ್ಕಪ್ಪನನ್ನು, ಕೊಂದವನು ನಮ್ಮಪ್ಪ. ಸುತ್ತಿ ಬಳಸಿ ಹೇಳಿ ಏನು ಬಂತು? ಅಣ್ಣ ತಮ್ಮಂದಿರ ಎರಡೂ ತೋಟಕ್ಕೆ ಒಂದೇ ಬೋರ್‌ವೆಲ್. ಒಂದು ಬೆಳಗ್ಗೆ ನೀರಿನ ಸರದಿಗೆ ಮಾತಿಗೆ ಮಾತು ಬೆಳೆದು ಅಪ್ಪ ಗುದ್ದಲಿ ಬೀಸಿದ. ಚಿಕ್ಕಪ್ಪ ಕಾಲುವೆಯಲ್ಲೇ ಬಿದ್ದು ಹೋದ. ಅಪ್ಪನಿಗೆ ಜೀವಾವಧಿಯಾಯಿತು.

ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಪಾಲಾದ ಮನೆ, ನಡುವೆ ಒಂದು ಗೋಡೆ. ಅವ್ವನಿಗೂ ಅವಳಿಗೂ ಮಾತು ನಿಂತುಹೋಯಿತು. ನಾನು ಮಾತ್ರ ಆ ಕಡೆಗೂ ಈ ಕಡೆಗೂ ಓಡಾಡಿಕೊಂಡಿದ್ದೆ. ಅವಳೇ ನನ್ನ ತಲೆ ಬಾಚುವಳು, ಕೊಬ್ಬರಿ ಬೆಲ್ಲ ಕೈಗಿಡುವಳು. ಕೊಂದವನ ಮಗಳನ್ನು ಮುದ್ದು ಮಾಡುತ್ತೀಯಲ್ಲೇ ಎಂದು ಯಾರಾದರೂ ಚುಚ್ಚಿದರೆ, "ಕೂಸು ಗುದ್ದಲಿ ಹಿಡ್ದಿತ್ತಾ?" ಎಂದು ಬಾಯಿ ಮುಚ್ಚಿಸುವಳು. ಆದರೆ ಅಪ್ಪನಂತೆ ನನ್ನ ನೆತ್ತಿಯಲ್ಲೂ ಎರಡು ಸುಳಿ. ಬಾಚಣಿಗೆ ಅಲ್ಲಿಗೆ ಬಂದಾಗ ಒಮ್ಮೊಮ್ಮೆ ಅವಳ ಕೈ ನಿಂತುಬಿಡುತ್ತಿತ್ತು.

ಅಪ್ಪ ಮೊದಲ ಸಲ ಪೆರೋಲ್ ಕೇಳಿದಾಗ, ಕೆಲವು ದಿನ ಊರಿಗೆ ಬಿಟ್ಟರೆ ಏನಾದರೂ ಗಲಾಟೆಯಾದೀತೇ ಎಂದು ವಿಚಾರಿಸಲು ಪೊಲೀಸಿನವನೊಬ್ಬ ಬಂದ. ಸತ್ತವನ ಹೆಂಡತಿಯನ್ನು ಕೇಳದೆ ಆಗುತ್ತದೆಯೇ? ಚಿಕ್ಕಮ್ಮ ಕಾಯಿ ರಾಶಿಯ ನಡುವೆ ಕೂತವಳು ತಲೆ ಎತ್ತದೆ, "ಇನ್ನೂ ನೀರು ಐತೆ ಕಣಪ್ಪ" ಎಂದಳು. ಅವನು ರಾಯಚೂರು ಕಡೆಯವನು, ಹೊಸಬ, ಅವನಿಗೇನು ಗೊತ್ತು ಪಾಪ. ಕೊಲೆ ನಡೆದದ್ದೇ ನೀರಿಗೆ ಅಲ್ಲವೇ? ನೀರಿನ ತಕರಾರು ಇನ್ನೂ ಮುಗಿದಿಲ್ಲ ಎಂದು ಬರೆದುಕೊಂಡು ಹೋದ. ಪೆರೋಲ್ ಸಿಗಲಿಲ್ಲ. ಆಮೇಲೆ ಅವ್ವ ಹಾಕಿಸಿದ ಅರ್ಜಿಗಳಿಗೆಲ್ಲ ಅದೇ ಮಾತು ಅಡ್ಡ ಬಂತು. ಮತ್ತೆ ಬಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ನನ್ನ ಮದುವೆ ಗೊತ್ತಾಯಿತು. ಅಪ್ಪನೇ ಧಾರೆ ಎರೆಯಬೇಕು ಎಂದು ನಾನು ಹಟ ಹಿಡಿದೆ. ಠಾಣೆಯವರು ಹಳೇ ತಕರಾರನ್ನೇ ಹೇಳಿ ಅವ್ವನನ್ನು ವಾಪಸು ಕಳಿಸಿದರು. ನಾನು ಗೋಡೆಯಾಚೆ ಹೋಗಿ, ನೀರಿಗೆ ಜಗಳ ಐತೆ ಅಂತ ಯಾಕೆ ಹೇಳಿದೆ ಎಂದು ಚಿಕ್ಕಮ್ಮನ ಮುಂದೆ ಅತ್ತೆ. ಅವಳು ನನ್ನನ್ನೇ ಮಿಕಿಮಿಕಿ ನೋಡಿದಳು. ಆ ಬೋರ್‌ವೆಲ್ ಬತ್ತಿ ಯಾವ ಕಾಲವಾಗಿತ್ತೋ. ಅವಳು ಹೇಳಿದ್ದು ತನ್ನ ಹೊಟ್ಟೆಯೊಳಗಿನ ಸಂಕಟದ ಮಾತು.

ಹುಳಿಯಾರು ಸಂತೆ ಬಿಟ್ಟು ಎಲ್ಲಿಗೂ ಹೋಗದವಳು ಮರುದಿನ ಚೀಲದಲ್ಲಿ ಎರಡು ಕಾಯಿ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಠಾಣೆಯಲ್ಲಿ ಸಾಹೇಬರ ಕಿವಿಯ ಹತ್ತಿರ ಒಂದು ಕಾಯಿ ಹಿಡಿದು ಅಲ್ಲಾಡಿಸಿದಳು, ಗುಳುಕ್ ಎಂದಿತು. ಪಹರೆಯವನು ಗಾಬರಿಯಾಗಿ ಓಡಿಬಂದ. ಆಮೇಲೆ ಇನ್ನೊಂದನ್ನು ಅಲ್ಲಾಡಿಸಿದಳು, ಗಡಗಡ ಎಂದಿತು.

"ಆವತ್ತು ಹಂಗಿದ್ದೆ ಸ್ವಾಮಿ. ಈಗ ಬತ್ತೈತೆ. ಬರ್ಲಿ."

ಸಾಹೇಬರು ತೆಂಗಿನ ಸೀಮೆಯವರೇ ಇರಬೇಕು, ಥಟ್ಟನೆ ಹಿಡಿದರು. ಹಾಗಾದರೆ ಕ್ಷಮಿಸಿದ್ದೀರಿ ಎಂದು ಬರೆದುಕೊಳ್ಳುತ್ತೇನೆ ಎಂದರು, ಖುಷಿಯಿಂದಲೇ.

"ಬರ್ಲಿ ಅಂದೆ. ಕ್ಷಮಿಸ್ದೆ ಅಂದ್ನಾ? ಅಷ್ಟೇ ಬರ್ಕಳಿ," ಎಂದು ಚಿಕ್ಕಮ್ಮ ಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡಳು.

ಅಪ್ಪ ಬಂದ, ಜೊತೆಗೆ ಕಾವಲಿನ ಪೊಲೀಸರು. ಧಾರೆ ಎರೆಯುವಾಗ ಹಾಲು ನನ್ನ ಸೀರೆಯ ಮೇಲೆಲ್ಲ ಚೆಲ್ಲಿತು. ಚಿಕ್ಕಮ್ಮ ಚಪ್ಪರಕ್ಕೆ ಬರಲಿಲ್ಲ. ಊಟದ ಹೊತ್ತಿಗೆ ಅಪ್ಪ ಅವಳ ಬಾಗಿಲ ಮುಂದೆ ನೆಲದ ಮೇಲೆ ಕೂತು ಕೈಮುಗಿದ. ಒಳಗೆ ಕಾಯಿಯ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ. ಕೊನೆಗೆ ಪೊಲೀಸರೇ ಅವನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಅವತ್ತು ನನಗೆ ಅವಳ ಮೇಲೆ ತಡೆಯಲಾರದ ಸಿಟ್ಟು ಬಂದಿತ್ತು. ಒಂದು ಬಾಗಿಲು ತೆರೆದರೆ ಇವಳ ಗಂಟೇನು ಹೋಗುತ್ತಿತ್ತು ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.

ಹೋದ ಬೇಸಿಗೆಯಲ್ಲಿ ಚಿಕ್ಕಮ್ಮ ಕಾಯಿ ರಾಶಿಯ ಪಕ್ಕದಲ್ಲೇ ಕುಸಿದು ತೀರಿಕೊಂಡಳು. ಸೆರಗಿನ ಗಂಟು ಬಿಚ್ಚಿ, ಆ ಓಲೆಯನ್ನು ನಾನೇ ಅವಳ ಎಡಗಿವಿಗೆ ಹಾಕಿದೆ. ತೂತು ಮುಚ್ಚಿಕೊಂಡಿತ್ತು, ಒತ್ತಬೇಕಾಯಿತು.

ತಿಥಿ ಮುಗಿದು ಅವಳ ಅಟ್ಟದ ಕಾಯಿ ಇಳಿಸುತ್ತಿದ್ದಾಗ ಮತ್ತೊಬ್ಬ ಪೊಲೀಸಿನವನು ಬಂದ. ಸನ್ನಡತೆಯ ಮೇಲೆ ಅಪ್ಪನನ್ನು ಪೂರ್ತಿ ಬಿಡುವ ವಿಚಾರವಂತೆ. ಕೊಲೆಯಾದವರ ಕಡೆಯವರು ಯಾರಿದ್ದಾರೆ ಎಂದು ಕೇಳಿದ. ನಾನೇ ಎಂದೆ. ನೀವು ಒಳಗಿರುವವರ ಮಗಳಲ್ಲವೇ ಎಂದ. ಅದೂ ಹೌದು, ಇದೂ ಹೌದು ಎಂದೆ. ಹಾಗಾದರೆ ಏನು ಬರೆದುಕೊಳ್ಳಲಿ ಎಂದ.

"ಬರ್ಲಿ," ಎಂದೆ.

"ಮನೆಯೋರೆಲ್ಲ ಕ್ಷಮಿಸಿದಾರೆ ಅಂತ ಬರ್ಕೊಳ್ಲಾಮ್ಮ?"

ನನ್ನ ಕೈಯಲ್ಲಿ ಚಿಕ್ಕಮ್ಮ ಅಟ್ಟಕ್ಕೆ ಹಾಕಿಸಿದ್ದ ಕಾಯಿ ಇತ್ತು.

"ಬರ್ಲಿ ಅಂತ ಬರ್ಕೊಳಪ್ಪ, ಅಷ್ಟೇಯ. ಆ ಇನ್ನೊಂದು ಮಾತು ಹೇಳ್ಬೇಕಾದೋಳು ಹೋದ್ಲು."