ಅತ್ತೆಯ ಭುಜದ ಸುಣ್ಣ

ಯಾರಾದರೂ ಶಕುನ, ಕನಸು, ಮೈಮೇಲೆ ಬರುವುದು ಎಂದು ಶುರುಮಾಡಿದರೆ ನಾನು ಮೆಲ್ಲಗೆ ಅಡುಗೆಮನೆಗೆ ಎದ್ದುಹೋಗುವವಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಅಂಥ ಮಾತು ಕೇಳುವ ತಾಳ್ಮೆ ಕಡಿಮೆ. ಅದಕ್ಕೇ ಈ ಸಂಗತಿಯನ್ನು ಗಂಡನಿಗೂ ಬಹಳ ದಿನ ಹೇಳಿರಲಿಲ್ಲ. ನೀವು ನಂಬಲೇಬೇಕೆಂಬ ಒತ್ತಾಯವೂ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾವು ಆಗ ಚೆನ್ನೈನ ಪಲ್ಲಾವರಂನಲ್ಲಿದ್ದೆವು. ಅತ್ತೆಗೆ ಬಲಭುಜದಲ್ಲಿ ವಿಪರೀತ ನೋವು. ಕೈ ಎತ್ತಿ ವಿಭೂತಿ ಹಚ್ಚಿಕೊಳ್ಳಲಾಗದೆ ಹಣೆಯನ್ನೇ ಕೈಯ ಬಳಿಗೆ ಬಗ್ಗಿಸುತ್ತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಬಲಗೈಯಿಂದ ಪೂಜೆ ಮಾಡದೆ ಅವರು ಬಾಯಿಗೆ ಏನೂ ಹಾಕುವವರಲ್ಲ. ಸಕ್ಕರೆ ಕಾಯಿಲೆ ಬೇರೆ. ಪೂಜೆ ಮಧ್ಯಾಹ್ನದವರೆಗೂ ಎಳೆಯುತ್ತಿತ್ತು. ಒಮ್ಮೆ ದೇವರ ಮನೆಯಲ್ಲೇ ತಲೆಸುತ್ತಿ ಬಿದ್ದರು. ನಾನು ನೆರವಾಗುತ್ತೇನೆಂದರೆ ಸುತರಾಂ ಒಪ್ಪರು. ನಾನು ಕೊರಳಲ್ಲಿ ಧರಿಸಬೇಕಾದ ಲಿಂಗ ಮದುವೆಯಾದ ಹೊಸತರಿಂದಲೂ ಬೀರುವಿನಲ್ಲಿತ್ತು. ನಮ್ಮಿಬ್ಬರ ನಡುವೆ ಅದೊಂದು ಹಳೆಯ ಮುನಿಸು.

ಕೋಡಂಬಾಕ್ಕಂನ ವೈದ್ಯರೊಬ್ಬರು ಸ್ಕ್ಯಾನ್ ಮಾಡಿ, ಭುಜದ ಸ್ನಾಯುವಿನ ಹುರಿಯಲ್ಲಿ ಕ್ಯಾಲ್ಸಿಯಂ ಗಂಟು ಕಟ್ಟಿದೆ, ಸುಣ್ಣ ಅಂದುಕೊಳ್ಳಿ ಎಂದರು. ಸ್ಕ್ಯಾನಿನ ಪರದೆ ನೋಡುತ್ತಲೇ ಭುಜದ ಮುಂಭಾಗದಿಂದ ಸೂಜಿ ಇಳಿಸಿ, ಉಪ್ಪುನೀರು ಬಿಟ್ಟು, ಹೀರಿ, ಅದನ್ನು ತೊಳೆದು ತೆಗೆಯುತ್ತಾರಂತೆ.

"ಸುಣ್ಣಾನಾ? ನಾನು ಎಲೆಗೇ ಸುಣ್ಣ ಹಚ್ಚಿದೋಳಲ್ಲ. ಭುಜಕ್ಕೆ ಯಾರು ಹಚ್ಚಿದ್ರಂತೆ?" ಎಂದು ಅತ್ತೆ ನನ್ನನ್ನೇ ದುರುಗುಟ್ಟಿ ನೋಡಿದರು.

ನಗುವಂತಿಲ್ಲದ ತೊಡಕೊಂದಿತ್ತು. ಹಿಂದೆ ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್ ಒಗ್ಗದೆ ಅವರ ಜೀವಕ್ಕೇ ಸಂಚಕಾರ ಬಂದಿತ್ತು. ಹಾಗಾಗಿ ಮರಗಟ್ಟಿಸದೆಯೇ ಚುಚ್ಚಬೇಕು, ನೋವಿಗೆ ಅಲುಗಿದರೆ ನಿಲ್ಲಿಸಿಬಿಡುತ್ತೇನೆ ಎಂದರು ವೈದ್ಯರು. ಅತ್ತೆ ಒಪ್ಪಿದರು. ಪೂಜೆಗೆ ಕೈ ಬೇಕಿತ್ತು, ಅಷ್ಟೆ.

ಆ ಸಂಜೆ ಒಳಗೆ ಕರೆದೊಯ್ಯುವಾಗ ನರ್ಸ್, "ಕಳುತ್ತುಲ ಒಣ್ಣುಂ ಇರುಕ್ಕಕ್ಕೂಡಾದು, ಪಾಟ್ಟಿ" ಎಂದಳು. ಕೊರಳಲ್ಲಿ ಏನೂ ಇರುವಂತಿಲ್ಲ. ಎಡಗೈಗೆ ಡ್ರಿಪ್ ಸೂಜಿ, ಬಲಗೈ ಅಲುಗಿಸುವಂತಿಲ್ಲ. ಅತ್ತೆ ಕೊರಳಿನ ಶಿವದಾರ ಬಿಚ್ಚಿಸಿಕೊಂಡು, ಲಿಂಗವನ್ನು ನನ್ನ ಎಡ ಅಂಗೈಯಲ್ಲಿಟ್ಟರು.

"ಕೆಳಗಿಡಬ್ಯಾಡ ಕಣೆ. ನಾನು ಬರೋಗಂಟ ಅಂಗೈ ಮ್ಯಾಲೇ ಇರ್ಲಿ. ಅದು ನನ್ನ ಜೀವ."

ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಗೋಡೆಯ ಟಿವಿಯಲ್ಲಿ ಯಾವುದೋ ತಮಿಳು ಧಾರಾವಾಹಿ ಬರುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಬಲಭುಜ ತಣ್ಣಗಾಯಿತು, ಯಾರೋ ಒದ್ದೆ ಹತ್ತಿಯಿಂದ ಒರೆಸಿದ ಹಾಗೆ. ಆಮೇಲೆ ಚುಚ್ಚಿತು. ಕೂಗಿಕೊಳ್ಳುವಂಥ ನೋವು, ಸೆರಗು ಕಚ್ಚಿಕೊಂಡೆ. ಹೇಗೆ ಮಾಡುತ್ತಾರೆಂದು ಮೊದಲೇ ಕೇಳಿದ್ದೆನಲ್ಲ, ಇದು ಮನಸ್ಸಿನ ಆಟ ಎಂದುಕೊಂಡೆ. ಆದರೆ ಮುಂಭಾಗದ ನೋವು ಥಟ್ಟನೆ ನಿಂತು, ಭುಜದ ಹಿಂಬದಿಯಲ್ಲಿ ಹೊಸದಾಗಿ ಚುಚ್ಚಿತು. ಒತ್ತುವುದು, ಹೀರುವುದು, ಮತ್ತೆ ಒತ್ತುವುದು. ಕೊನೆಗೆ ಒಳಗೆ ಮರಳಿನಂಥದ್ದೇನೋ ಸಡಿಲವಾದಂತಾಗಿ ಎಲ್ಲ ನಿಂತಿತು. ಲಿಂಗವನ್ನು ಪಕ್ಕದ ಕುರ್ಚಿಯ ಮೇಲಿಟ್ಟಿದ್ದರೆ ನೋವು ಮೊದಲೇ ನಿಲ್ಲುತ್ತಿತ್ತೋ ಏನೋ. ಇಡಲಿಲ್ಲ.

ವೈದ್ಯರು ಹೊರಬಂದು ತಮಿಳಿನಲ್ಲಿ ಹೇಳಿದರು: ಮುಂದಿನಿಂದ ಗಂಟು ಸಿಗಲಿಲ್ಲವಂತೆ, ಸೂಜಿ ತೆಗೆದು ಹಿಂದಿನಿಂದ ಹಾಕಬೇಕಾಯಿತಂತೆ. ಅತ್ತೆ ಒಂಚೂರೂ ಅಲುಗಲಿಲ್ಲವೆಂದು ಅವರಿಗೇ ಆಶ್ಚರ್ಯ. ತೋರಿಸಿದ ಸಿರಿಂಜಿನ ತಳದಲ್ಲಿ ಬೆಳ್ಳಗೆ ಸುಣ್ಣ ಕೂತಿತ್ತು.

ಅತ್ತೆ ನಡೆದುಕೊಂಡೇ ಬಂದರು. ನನ್ನ ಅಂಗೈಯಿಂದ ಲಿಂಗ ತೆಗೆದುಕೊಂಡು, ನನ್ನ ಮುಖ ನೋಡಿ, "ಭಾಳ ನೋವಾಯ್ತೇನೆ?" ಎಂದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ.

"ಇಲ್ಲ ಅತ್ತೆ" ಎಂದೆ.

ಕೆಲವು ವಾರಗಳಲ್ಲಿ ಅವರ ಕೈ ಹಣೆಯನ್ನು ಮುಟ್ಟಿತು. ಪೂಜೆ ಬೆಳಗಿನ ಹೊತ್ತಿಗೇ ಮುಗಿಯತೊಡಗಿತು. ಆ ಸಂಜೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒದ್ದೆ ಸೆರಗು ನೋಡಿ ಸುಮ್ಮನೆ ಹಾಗೆ ಕೇಳಿದ್ದರೇನೋ. ಹಿಂಬದಿಯ ಸೂಜಿಗೆ ಮಾತ್ರ ನನ್ನ ರಸಾಯನಶಾಸ್ತ್ರದಲ್ಲಿ ಇಂದಿಗೂ ಉತ್ತರವಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಅದೇ ಲಿಂಗವಿಟ್ಟು ಮಣ್ಣು ಮಾಡಿದೆವು. ಗುಂಡಿಯ ಅಂಚಿನಲ್ಲಿ ನಾನು ನನ್ನ ಬಲಭುಜ ಹಿಡಿದುಕೊಂಡು ಕಾದೆ. ಏನೂ ಆಗಲಿಲ್ಲ. ಅವತ್ತು ಒಂದಿಷ್ಟಾದರೂ ನೋಯಬೇಕಿತ್ತು ಎಂದು ಈಗಲೂ ಅನಿಸುತ್ತದೆ.