ಸ್ವರ್ಗದ ಕೊನೆಯ ದೃಶ್ಯ

ಆಗಿನ ದಾವಣಗೆರೆಯಲ್ಲಿ ಸ್ವರ್ಗ ಎಂಬ ಹೆಸರಿಗೆ ಬರವಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಗೆ ಅದೇ ಹೆಸರು. ಒಳಗೆ ಬರೀ ಹೊಗೆ. ಅಪ್ಪ ಮಗ್ಗ ನಡೆಸುತ್ತಿದ್ದ ಮಿಲ್ಲಿನಲ್ಲಿ ಬಟ್ಟೆ ಮಡಚುವ ವಿಭಾಗವನ್ನೂ ಕಾರ್ಮಿಕರು ಸ್ವರ್ಗ ಎಂದೇ ಕರೆಯುತ್ತಿದ್ದರು. ಅಲ್ಲಿ ಹತ್ತಿಯ ಧೂಳಿರಲಿಲ್ಲ, ಕಿಟಕಿಗಳಿದ್ದವು. ಹಾಗಾಗಿ ಅಪ್ಪ ತಾನು ಬರೆದ ಒಂದೇ ಒಂದು ನಾಟಕಕ್ಕೆ ‘ಸ್ವರ್ಗ’ ಎಂದು ಹೆಸರಿಟ್ಟಾಗ ಯಾರೂ ಹುಬ್ಬೇರಿಸಲಿಲ್ಲ.

ನಮ್ಮ ಮನೆ ಮಿಲ್ಲಿನ ಸೈರನ್ ಮೇಲೆ ನಡೆಯುತ್ತಿತ್ತು. ಏಳರ ಸೈರನ್ನಿಗೆ ಅಪ್ಪ ಗೇಟಿನೊಳಗೆ, ಮೂರರ ಸೈರನ್ನಿಗೆ ಹೊರಗೆ. ಅಣ್ಣನದು ಅದೇ ಮಿಲ್ಲಿನಲ್ಲಿ ಎರಡನೆಯ ಪಾಳಿ. ಅಪ್ಪ ಹೊರಬರುವಾಗ ಅವನು ಒಳಹೋಗುತ್ತಿದ್ದ. ನನ್ನದು ಹೈಸ್ಕೂಲಿನ ಗಂಟೆ. ಅವ್ವ ದಿನಕ್ಕೆ ನಾಲ್ಕು ಸಲ ಬಡಿಸುತ್ತಿದ್ದಳು. ಮೂರರ ಸೈರನ್ ಕೂಗಿದ ಕ್ಷಣವೇ ಒಲೆ ಹೊತ್ತಿಸಿ ನೀರಿಡುತ್ತಿದ್ದಳು. ತಲೆ, ಹುಬ್ಬೆಲ್ಲ ಅರಳೆ ಅಂಟಿಸಿಕೊಂಡು ಬರುವ ಅಪ್ಪನಿಗೆ ಸ್ನಾನವಾಗದೆ ಊಟವಿಲ್ಲ. ಈಗಲೂ ನಾನು ಗಡಿಯಾರ ನೋಡದೆ ಕೆಲಸ ಮಾಡಬಲ್ಲೆ. ಆ ಶಿಸ್ತು ಅಲ್ಲಿಯದು.

ವಾರದ ರಜೆಯ ದಿನವೂ ನಾಲ್ವರು ಒಟ್ಟಿಗೆ ಕೂರುತ್ತಿರಲಿಲ್ಲ. ಅಪ್ಪ ದಿನವಿಡೀ ತಾಲೀಮಿಗೆ, ತನ್ನ ಪಾತ್ರದ ಮಾತು ಒಪ್ಪಿಸಿ ಬಂದ ಅಣ್ಣ ನಿದ್ದೆಗೆ. “ನಾಟಕ ಗೀಟಕ ನಂಗೇನು ತಿಳಿತೈತೆ?” ಎಂದು ಅವ್ವ ಮೂಗು ಮುರಿದರೆ ಅಪ್ಪ, “ಕೊನೇ ದೃಶ್ಯ ನಿನಗಂತಾನೇ ಬರ್ದೀನಿ. ಅದೊಂದು ನೋಡು, ಸಾಕು,” ಎನ್ನುತ್ತಿದ್ದ. ಅದು ಏನೆಂದು ಮಾತ್ರ ಹೇಳುತ್ತಿರಲಿಲ್ಲ. ಅದಕ್ಕಾಗಿಯೇ ಆರು ತಿಂಗಳು ಬರೆದಿದ್ದ.

ಪರದೆ ಬಾಡಿಗೆಗೆ ತರಲು ಹರಿಹರಕ್ಕೆ ರೈಲಿನಲ್ಲಿ ಹೋದೆವು, ನಾನೂ ಅಪ್ಪನೂ.

“ನಂದು ಮನೆತನದ ನಾಟಕ. ಒಂದು ಅಡಿಗೆಮನಿ ಪರದೆ ಇದ್ರೆ ಕೊಡ್ರಿ,” ಎಂದ ಅಪ್ಪ.

“ಹೆಸರು ಸ್ವರ್ಗ ಅಂತೀರಿ, ಅಡಿಗೆಮನಿ ಕೇಳ್ತೀರಿ! ಜನ ಕಲ್ಲು ಒಗೀತಾರ. ಐರಾವತ ಐತೆ, ಒಯ್ರಿ,” ಎಂದ ಪರದೆಯವನು. ಬಿಚ್ಚಿ ತೋರಿಸಿದ. ಆನೆಯ ಹಿಂದೆ ಹರಿಯುತ್ತಿದ್ದ ದೇವಗಂಗೆ ಥೇಟ್ ನಮ್ಮ ತುಂಗಭದ್ರೆ. ಚಿತ್ರಗಾರ ಮರೆತು ಸೇತುವೆಯನ್ನೂ ಬರೆದುಬಿಟ್ಟಿದ್ದ. ಒಂದೇ ಕರಾರು: ನಾಟಕದ ದಿನವೇ ನಾಲ್ಕರ ರೈಲಿಗೆ ಪರದೆ ಹರಿಹರಕ್ಕೆ ವಾಪಸಾಗಬೇಕು.

ನಮ್ಮ ಮಿಲ್ಲಿನ ರಜೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ, ಶಾಲೆಯ ಅಂಗಳದಲ್ಲಿ ನಾಟಕ ಶುರುವಾಯಿತು. ಅಪ್ಪನೇ ಯಜಮಾನ, ಅಣ್ಣನೇ ಮಗ. ಅವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ನಾನು. ಇನ್ನೇನು ಕೊನೆಯ ದೃಶ್ಯ ಬರಬೇಕು, ಮೂರರ ಸೈರನ್ ಕೂಗಿತು. ರಜೆ ಇದ್ದದ್ದು ನಮ್ಮ ಮಿಲ್ಲಿಗೆ, ಪಕ್ಕದ ಮಿಲ್ಲಿಗಲ್ಲ. ಅದು ಯಾರ ತಲೆಗೂ ಹೊಳೆದಿರಲಿಲ್ಲ.

ಅಣ್ಣ ಮಾತು ಅರ್ಧಕ್ಕೇ ಬಿಟ್ಟು, ಹೆಗಲಿಗೆ ಟವೆಲ್ ಹಾಕಿ ರಂಗದಿಂದ ಧುಮುಕಿದ. ಎರಡನೆಯ ಪಾಳಿಯವರೆಲ್ಲ ಅವನ ಹಿಂದೆ. ಮುಂದಿನ ಸಾಲಿನ ಹೆಂಗಸರು ಒಟ್ಟಿಗೇ ಎದ್ದರು. ಅವ್ವನೂ ಎದ್ದು ಬಿರಬಿರನೆ ನಡೆದಳು, ಬೆನ್ನಿಗೆ ನಾನು. ಮನೆಗೆ ಬಂದು ಒಲೆ ಹೊತ್ತಿಸಿ, ಹಂಡೆಗೆ ಮೂರು ಕೊಡ ನೀರು ಸುರಿದ ಮೇಲೆ ಅವ್ವನ ಕೈ ನಿಂತಿತು.

“ಅಯ್ಯ ನನ್ ಮಾರಿಗಿಷ್ಟು. ನಿಮ್ಮಪ್ಪ ಅಲ್ಲೇ ಅದಾನಲ್ಲೇ!”

ಓಡಿಹೋದೆವು. ಅಷ್ಟರಲ್ಲಿ ಪರದೆಯ ಜೊತೆ ಬಂದಿದ್ದ ಹರಿಹರದವನು ಐರಾವತವನ್ನು ಸುತ್ತಿ ಹಗ್ಗ ಬಿಗಿಯುತ್ತಿದ್ದ. ಅವನು ನಾಲ್ಕರ ರೈಲು ತಪ್ಪಿಸಿಕೊಳ್ಳುವಂತಿರಲಿಲ್ಲ. ಜನ ನಗುತ್ತ ಚದುರಿದ್ದರು. ಅಪ್ಪ ರಂಗದ ಅಂಚಿನಲ್ಲಿ ಕೂತಿದ್ದ. ಬಣ್ಣ ಬೆವರಿಗೆ ಇಳಿದಿತ್ತು.

“ಯಾಕ ಎದ್ದು ಹೋದಿ?”

“ಸೈರನ್ ಆತಲ್ರೀ. ನಿಮಗ ನೀರು ಕಾಸಾಕೆ ಹೋದೆ.”

ಅಪ್ಪ ಅಂಗಿಯ ತೋಳಿನಿಂದ ಮುಖದ ಬಣ್ಣ ಒರೆಸಿಕೊಂಡ. “ಕಾದೈತೇನು ಮತ್ತೆ?” ಎಂದು ಎದ್ದ.

ಸ್ನಾನವಾಯಿತು. ಅಣ್ಣ ಗೇಟಿನವರೆಗೂ ಹೋಗಿ, ಕಾವಲುಗಾರನ ನಗೆಗೀಡಾಗಿ ವಾಪಸು ಬಂದಿದ್ದ. ಅವ್ವ ರೊಟ್ಟಿ, ಬದನೆಕಾಯಿ ಪಲ್ಯ ಮುಂದಿಟ್ಟು ತಲೆ ಎತ್ತದೆ ಕೇಳಿದಳು. “ಕೊನೇ ದೃಶ್ಯದಾಗ ಏನಿತ್ತು?”

“ಬಿಡು ಈಗ.”

“ನನಗಂತ ಬರ್ದಿದ್ದಲ್ಲೇನು? ಓದ್ರಿ.”

ಅಪ್ಪ ಕೈ ಒರೆಸಿಕೊಂಡು ನೋಟ್‌ಬುಕ್ ತಂದ. ಕೊನೆಯ ಪುಟದಲ್ಲಿ ನಾಲ್ಕೇ ಸಾಲು. ‘ತಂದೆ, ಮಕ್ಕಳು ಒಂದೇ ಸಾಲಿನಲ್ಲಿ ಊಟಕ್ಕೆ ಕೂರುವರು. ತಾಯಿ ನಗುತ್ತ ಬಡಿಸುವಳು. ತಂದೆ: ನಾವು ಒಟ್ಟಿಗೆ ಉಣ್ಣುವ ಈ ಜಾಗಕ್ಕೇ ಸ್ವರ್ಗವೆಂದು ಹೆಸರು. ಪರದೆ.’ ಅಪ್ಪ ಗಟ್ಟಿಯಾಗಿ ಓದಿದ.

ಅವ್ವ ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಕೇಳಿದಳು. “ಚಂದ ಐತೆ. ಅಲ್ರೀ, ಆಕಿ ಯಾವಾಗ ಉಣ್ತಾಳ?”

ಅಣ್ಣ ಫಕ್ಕನೆ ನಕ್ಕ. ಅಪ್ಪ ನಗಲಿಲ್ಲ. ನನ್ನ ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ತೆಗೆದು ‘ಬಡಿಸುವಳು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಕೂರುವಳು’ ಎಂದು ಬರೆದ.

“ಹಂಗಾರೆ ಬಡ್ಸೋರು ಯಾರಪ್ಪ?” ಎಂದ ಅಣ್ಣ.

ಅಪ್ಪ ಎದ್ದು ಅವ್ವನ ಕೈಯಿಂದ ಬುಟ್ಟಿ ತೆಗೆದುಕೊಂಡ. ತಟ್ಟೆಗೆ ರೊಟ್ಟಿ ಹಾಕಿದ, ಪಲ್ಯ ಅರ್ಧ ನೆಲಕ್ಕೆ ಬಡಿಸಿದ. “ಮಗ್ಗ ನಡೆಸೋ ಕೈ ನೋಡ್ರಪ್ಪ,” ಎಂದು ಅವ್ವ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆ ನಾಟಕ ಮತ್ತೆ ರಂಗಕ್ಕೆ ಬರಲಿಲ್ಲ. ನೋಟ್‌ಬುಕ್ ನನ್ನ ಹತ್ತಿರವಿದೆ. ಪೆನ್ಸಿಲ್ ಅಕ್ಷರ ಮಾಸಿದೆ, ಓದಬಹುದು. ಅವ್ವ ಅಂದು ನಮ್ಮ ಸಾಲಿನಲ್ಲಿ ಕೂತಳು, ಆದರೆ ಒಂದು ಮಂಡಿ ಎತ್ತಿಕೊಂಡೇ, ಕರೆದ ಕೂಡಲೇ ಏಳುವವಳ ಹಾಗೆ. ಎರಡನೆಯ ರೊಟ್ಟಿಯ ಹೊತ್ತಿಗೆ ಆ ಮಂಡಿಯನ್ನೂ ಮಡಚಿದಳು.